ಮಗನಿಗೆ ಆಡಲು ಜಾಗ ಇಲ್ಲ, ತೂಕ ಏರ್ತಾ ಉಂಟು. ಮಂಗಳೂರಿನ ಬಿಜೈ, ಕದ್ರಿ ಕಡೆಯವರು ಎಂತ ಮಾಡ್ತೀರಿ?

ಬಿಜೈ_ಅಮ್ಮ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಸರ ಮಾಡದೆ ಓದಿ ನಿಮಗೆ ಅನಿಸಿದ್ದನ್ನು ಹೇಳಿ.

ನನ್ನ ಮಗನಿಗೆ ಈಗ 9 ವರ್ಷ. ಎರಡು ವರ್ಷದ ಹಿಂದಿನವರೆಗೆ ನಾವು ಕಿನ್ನಿಗೋಳಿ ಹತ್ತಿರ ಅತ್ತೆ ಮನೆಯಲ್ಲಿ ಇದ್ದೆವು. ಶಾಲೆ ಬಿಟ್ಟು ಬಂದವನೇ ಬ್ಯಾಗನ್ನು ಜಗಲಿಯಲ್ಲಿ ಬಿಸಾಡಿ ಹೊರಗೆ ಓಡುತ್ತಿದ್ದ. ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಕ್ರಿಕೆಟ್. ಇಲ್ಲದಿದ್ದರೆ ಗುಡ್ಡೆಯಲ್ಲಿ ಗೇರುಹಣ್ಣು ಹೆಕ್ಕುವುದು, ಪಕ್ಕದ ಮನೆಯಿಂದ ಹಾಲು ತರಲು ಗದ್ದೆಯ ಹುಣಿಯಲ್ಲೇ ಹೋಗಿ ಬರುವುದು. ಅವನಿಗೆ "ಹೋಗಿ ಆಡು" ಅಂತ ನಾನು ಒಂದು ದಿನವೂ ಹೇಳಿದ್ದಿಲ್ಲ. ಕತ್ತಲಾಯಿತು ಬಾ ಅಂತ ಕೂಗಿ ಕರೆಯುವುದೇ ದೊಡ್ಡ ಕೆಲಸ ಆಗಿತ್ತು.

ಈಗ ಬಿಜೈಯಲ್ಲಿ 5ನೇ ಮಾಳಿಗೆಯ ಫ್ಲ್ಯಾಟ್. ಕೆಳಗೆ ಇರುವುದೆಲ್ಲ ಪಾರ್ಕಿಂಗ್. ಮೊದಲ ತಿಂಗಳು ಮಕ್ಕಳು ಅಲ್ಲೇ ಚೆಂಡು ಆಡಿದರು, ಒಬ್ಬರ ಕಾರಿನ ಕನ್ನಡಿ ಒಡೆಯಿತು, ದುಡ್ಡು ಕೊಟ್ಟೆವು. ಮರುದಿನವೇ ಅಸೋಸಿಯೇಷನ್‌ನವರು ಲಿಫ್ಟ್ ಪಕ್ಕ ನೋಟಿಸ್ ಅಂಟಿಸಿದರು. ಚೆಂಡಿನ ಆಟ ಇಲ್ಲ, ಸೈಕಲ್ ಇಲ್ಲ, ಸಂಜೆ ಗಲಾಟೆ ಇಲ್ಲ. ಗೇಟಿನ ಹೊರಗೆ ಹೋದರೆ ಫುಟ್‌ಪಾತ್ ಅಂತ ಇರುವುದು ಚರಂಡಿಯ ಮೇಲಿನ ಸ್ಲ್ಯಾಬ್. ಒಂದು ಮೇಲೆ, ಒಂದು ಕೆಳಗೆ, ನಡುವಲ್ಲಿ ಒಂದು ಇಲ್ಲವೇ ಇಲ್ಲ. ಅದರ ಮೇಲೆ ಸ್ಕೂಟರ್ ನಿಲ್ಲಿಸಿರುತ್ತಾರೆ, ಹಾಗಾಗಿ ರಸ್ತೆಗೆ ಇಳಿದೇ ನಡೆಯಬೇಕು. ಶಾಲೆ ಒಂದೂವರೆ ಕಿಲೋಮೀಟರ್ ಅಷ್ಟೇ. ಆದರೂ ವ್ಯಾನಿನಲ್ಲಿ ಕಳಿಸುತ್ತೇನೆ, ನಡೆಸಲು ಧೈರ್ಯ ಬರುವುದಿಲ್ಲ. ಕದ್ರಿ ಪಾರ್ಕಿಗೆ ಹೋಗಬೇಕಾದರೆ ಕಾರು ತೆಗೆಯಬೇಕು, ಅದು ಗಂಡ ಬಂದ ಮೇಲೆ, ಅವರು ಬರುವುದು ಏಳೂವರೆಗೆ. ಆಗ ಹೋಮ್‌ವರ್ಕ್.

ಕಳೆದ ವಾರ ಡಾಕ್ಟರ್ ಚಾರ್ಟ್ ತೋರಿಸಿ, ಇವನು ಗೆರೆ ದಾಟಿದ್ದಾನೆ, ಆಟ ಆಡಿಸಿ ಅಂದರು. ಮನೆಗೆ ಬಂದು ನಾನು ಅತ್ತುಬಿಟ್ಟೆ. ಊಟ ಅದೇ, ಅದೇ ಕುಚ್ಚಲಕ್ಕಿ ಅನ್ನ, ಅದೇ ಸಾರು, ಅದೇ ಮೀನು. ಜಾಗ ಮಾತ್ರ ಬೇರೆ.

ನನ್ನ ಪ್ರಶ್ನೆ ಎರಡು. ಊರು ಕಟ್ಟಿದ ರೀತಿಗೂ ಮೈ ತೂಕಕ್ಕೂ ನಿಜವಾಗಿ ಸಂಬಂಧ ಉಂಟಾ, ಅಥವಾ ನನ್ನ ತಪ್ಪನ್ನು ನಾನು ಜಾಗದ ಮೇಲೆ ಹಾಕುತ್ತಿದ್ದೇನಾ? ಮತ್ತೆ, ನೀವೆಲ್ಲ ಮಕ್ಕಳನ್ನು ಎಲ್ಲಿ ಆಡಿಸುತ್ತೀರಿ? ಜೂನ್ ಬಂದರೆ ನಾಲ್ಕು ತಿಂಗಳು ಮಳೆ, ಆಗ ಎಂತ ಮಾಡುವುದು?


ನೇರಮಾತು:

ಬೇಜಾರು ಮಾಡ್ಬೇಡಿ ಅಕ್ಕಾ, ನನಗೆ ಅನಿಸಿದ್ದು ಹೇಳ್ತೇನೆ. ಜಾಗದ ಮೇಲೆ ಹಾಕುವುದು ಸರಿ ಅಲ್ಲ. ನಾನು ಬಂದರಿನ ಹತ್ತಿರ ಎರಡು ಕೋಣೆಯ ಮನೆಯಲ್ಲಿ ಬೆಳೆದವನು, ಆಟದ ಮೈದಾನ ನಮಗೂ ಇರಲಿಲ್ಲ. ಓಣಿಯಲ್ಲೇ ಆಡಿದೆವು. ಈಗಿನ ಮಕ್ಕಳಿಗೆ ಕೈಯಲ್ಲಿ ಫೋನ್, ಬೇಕರಿಯ ತಿಂಡಿ, ಸಂಜೆ ಐಸ್‌ಕ್ರೀಮ್. ಅದನ್ನು ನಿಲ್ಲಿಸಿ ನೋಡಿ, ತೂಕ ತಾನಾಗಿ ಇಳಿಯುತ್ತದೆ. ಮನಸ್ಸು ಮಾಡಿದರೆ ಮನೆಯೊಳಗೇ ಹಗ್ಗ ಹಾರಬಹುದು, ಮೆಟ್ಟಿಲು ಹತ್ತಬಹುದು. 5 ಮಾಳಿಗೆ ಇದೆಯಲ್ಲ.


ಮಣ್ಣಪಳ್ಳ_ನಡಿಗೆ:

ನಾನು ಮಣಿಪಾಲದಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವವಳು. ಮೊದಲ ಪ್ರಶ್ನೆಗೆ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕೆಂದರೆ ಹೀಗೆ ಅಳುವ ಅಮ್ಮಂದಿರನ್ನು ನಾನು ವಾರಕ್ಕೆ ಎರಡು ಸಲ ನೋಡ್ತೇನೆ.

ಈ ವಿಷಯದ ಮೇಲೆ ಮೊದಲು ಗಟ್ಟಿಯಾಗಿ ಕೆಲಸ ಮಾಡಿದ್ದು ಲಂಡನ್ನಿನ ಜೆರ್ರಿ ಮಾರಿಸ್ ಎಂಬ ಡಾಕ್ಟರ್, 1953ರಲ್ಲಿ. ಅವರು ನೋಡಿದ್ದು ಬಸ್ಸಿನವರನ್ನು. ಡಬಲ್ ಡೆಕರ್ ಬಸ್, ಡ್ರೈವರ್ ಇಡೀ ದಿನ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡಲು ಮೇಲೆ ಕೆಳಗೆ ಹತ್ತಿ ಇಳಿಯುತ್ತಾನೆ, ದಿನಕ್ಕೆ ಸುಮಾರು 600 ಮೆಟ್ಟಿಲು. ಒಂದೇ ಬಸ್ಸು, ಒಂದೇ ಬಗೆಯ ಮನೆ, ಹೆಚ್ಚುಕಡಿಮೆ ಅದೇ ಊಟ. ಆದರೆ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಡ್ರೈವರುಗಳಿಗಿಂತ ಕಡಿಮೆ. ಕಂಡಕ್ಟರ್ ವ್ಯಾಯಾಮ ಮಾಡಬೇಕು ಅಂತ ಮನಸ್ಸು ಮಾಡಿದ್ದಲ್ಲ, ನೋಡಿ. ಅವನ ಕೆಲಸದೊಳಗೇ ನಡಿಗೆ ಇತ್ತು. ನಮ್ಮ ಸಿಟಿ ಬಸ್ಸಿನ ಕಂಡಕ್ಟರುಗಳು ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ ತನಕ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಓಡಾಡುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಕಿನ್ನಿಗೋಳಿಯಲ್ಲಿ ನಿಮ್ಮ ಮಗನೂ ಹಾಗೆಯೇ ಇದ್ದ. ಹಾಲು ತರುವುದು ಅವನ ವ್ಯಾಯಾಮ.

ಆದರೆ ಅರ್ಧ ಹೇಳಿ ಬಿಡುವುದು ಸರಿ ಅಲ್ಲ. ಅದೇ ತಂಡ 1956ರಲ್ಲಿ ಬಸ್ಸಿನವರ ಯೂನಿಫಾರಂ ಅಳತೆ ತೆಗೆದು ನೋಡಿದರೆ, ಚಿಕ್ಕ ವಯಸ್ಸಿನ ಡ್ರೈವರುಗಳ ಸೊಂಟವೂ ಕಂಡಕ್ಟರುಗಳಿಗಿಂತ ದಪ್ಪ ಇತ್ತು. ಅಂದರೆ ಯಾರು ಯಾವ ಕೆಲಸಕ್ಕೆ ಸೇರುತ್ತಾರೆ ಎಂಬುದರಲ್ಲೇ ಸ್ವಲ್ಪ ವ್ಯತ್ಯಾಸ ಇರಬಹುದು. ಊರಿನ ವಿಷಯದಲ್ಲೂ ಇದೇ ತೊಡಕು. ನಡೆಯಲು ಇಷ್ಟ ಇರುವವರೇ ನಡೆಯಲು ಒಳ್ಳೆಯ ಜಾಗದಲ್ಲಿ ಮನೆ ಹುಡುಕಿದರೆ, ತೂಕ ಇಳಿಸಿದ್ದು ಜಾಗವಾ, ಇಷ್ಟವಾ? ಅಮೆರಿಕದ ಅಟ್ಲಾಂಟಾದಲ್ಲಿ 2004ರ ಒಂದು ಅಧ್ಯಯನದಲ್ಲಿ, ದಿನಕ್ಕೆ ಕಾರಿನಲ್ಲಿ ಕೂರುವ ಒಂದೊಂದು ಗಂಟೆಗೂ ಬೊಜ್ಜಿನ ಸಾಧ್ಯತೆ ಶೇ. 6ರಷ್ಟು ಜಾಸ್ತಿ, ನಡೆಯುವ ಒಂದೊಂದು ಕಿಲೋಮೀಟರಿಗೂ ಶೇ. 5ರ ಹತ್ತಿರ ಕಡಿಮೆ ಅಂತ ಕಂಡಿತು. ಆದರೆ ಅದೂ ಈ ತೊಡಕನ್ನು ಪೂರ್ತಿ ಬಿಡಿಸುವುದಿಲ್ಲ.

ಇದಕ್ಕೆ ಹತ್ತಿರದ ಉತ್ತರ ಸಿಕ್ಕಿದ್ದು ಅಮೆರಿಕದ್ದೇ ಇನ್ನೊಂದು ಕೆಲಸದಲ್ಲಿ. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಐದು ನಗರಗಳ ಬಡ ಕುಟುಂಬಗಳ ನಡುವೆ ಚೀಟಿ ಎತ್ತಿದ ಹಾಗೆ ಮಾಡಿ, ಕೆಲವರಿಗೆ ಒಳ್ಳೆಯ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ಕೊಟ್ಟಿತು. ಹತ್ತು ವರ್ಷಕ್ಕಿಂತ ಜಾಸ್ತಿ ಕಳೆದ ಮೇಲೆ, ಆ ನೆರವು ಸಿಕ್ಕಿದ ಹೆಂಗಸರಲ್ಲಿ ತೀರಾ ಹೆಚ್ಚಿನ ಬೊಜ್ಜೂ ಸಕ್ಕರೆ ಕಾಯಿಲೆಯೂ ಸ್ವಲ್ಪ ಕಡಿಮೆ ಇದ್ದವು. ಅದು 2011ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದ್ದರಿಂದ ಇಷ್ಟದ ಪ್ರಶ್ನೆ ಇಲ್ಲ. ಹಾಗಾಗಿ ಉಂಟು ಅಕ್ಕಾ, ಜಾಗಕ್ಕೂ ಮೈಗೂ ಸಂಬಂಧ ಉಂಟು. ನೀವು ಸುಮ್ನೆ ನೆಪ ಹೇಳುತ್ತಿಲ್ಲ.

ನೇರಮಾತು ಅವರು ಹೇಳಿದ ತಿಂಡಿಯ ಮಾತೂ ಸುಳ್ಳಲ್ಲ. ದೊಡ್ಡವರು 4 ಕಿಲೋಮೀಟರ್ ನಡೆದರೆ ಕರಗುವುದು ಸುಮಾರು 200 ಕ್ಯಾಲೊರಿ, ಎರಡು ಬನ್ಸ್ ತಿಂದರೆ ಅಷ್ಟೂ ವಾಪಸ್. ನಡಿಗೆಯಿಂದ ಮಾತ್ರ ತೂಕ ಇಳಿಯುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ತೂಕ ಇಳಿಯದಿದ್ದರೂ ಸಕ್ಕರೆ, ರಕ್ತದೊತ್ತಡ, ನಿದ್ದೆ, ಎಲುಬು, ಮನಸ್ಸು ಇಷ್ಟಕ್ಕೂ ಓಡಾಟ ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲ 60 ಬೇಕಂತಿಲ್ಲ, 15 ನಿಮಿಷದ ಹಾಗೆ ನಾಲ್ಕು ಸಲ ಆದರೂ ಆಯಿತು.

ಡಾಕ್ಟರ್ ತೋರಿಸಿದ್ದು ಹೆಚ್ಚಾಗಿ ನಮ್ಮ ದೇಶದ ಮಕ್ಕಳ ತಜ್ಞರ ಸಂಘದ 2015ರ ಚಾರ್ಟ್ ಇರಬೇಕು. ಅದರಲ್ಲಿ ದೊಡ್ಡವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 23ಕ್ಕೆ ಸಮನಾದ ಒಂದು ಗೆರೆ, 27ಕ್ಕೆ ಸಮನಾದ ಇನ್ನೊಂದು ಗೆರೆ ಇರುತ್ತದೆ. ಯಾವುದನ್ನು ದಾಟಿದ್ದಾನೆ ಅಂತ ಕೇಳಿ ನೋಡಿ. ಮೊದಲನೆಯದು ಆದರೆ, ಬೆಳೆಯುವ ಮಗು, ತೂಕ ಇಳಿಸುವ ಅಗತ್ಯವೇ ಇಲ್ಲದಿರಬಹುದು. ತೂಕ ಅಲ್ಲೇ ನಿಂತು ಎತ್ತರ ಬೆಳೆದರೆ ಸರಿಹೋಗುತ್ತದೆ. ದಯವಿಟ್ಟು ಅವನ ಎದುರು ತೂಕದ ಮಾತು ಆಡಬೇಡಿ, ಅವನ ಊಟ ಕಡಿಮೆ ಮಾಡಬೇಡಿ.


ನಿವೃತ್ತ_ಪಿಟಿ_ಮಾಸ್ಟ್ರು:

ಅಮ್ಮಾ, ನಾನು 31 ವರ್ಷ ಪಿಟಿ ಮಾಸ್ಟ್ರಾಗಿ ಇದ್ದವನು. ನಿಮ್ಮ ಪತ್ರ ಓದಿ ಮನಸ್ಸು ಭಾರ ಆಯಿತು.

ಮಂಗಳೂರಲ್ಲಿ ಮೈದಾನ ಇಲ್ಲ ಅನ್ನುವುದು ಪೂರ್ತಿ ಸರಿ ಅಲ್ಲ. ನೆಹರೂ ಮೈದಾನ ಉಂಟು, ಮಂಗಳಾ ಸ್ಟೇಡಿಯಂ ಉಂಟು, ಎಮ್ಮೆಕೆರೆಯಲ್ಲಿ ಈಜುಕೊಳ ಆಗಿದೆ, ಪಣಂಬೂರು, ತಣ್ಣೀರುಬಾವಿಯ ಕಡಲು ಉಂಟು. ಆದರೆ ಇದೆಲ್ಲ ಹೊರಟು ಹೋಗುವ ಜಾಗ. ಒಂಬತ್ತು ವರ್ಷದ ಹುಡುಗನಿಗೆ ಬೇಕಾದ್ದು ಹೊರಟು ಹೋಗುವ ಜಾಗ ಅಲ್ಲ, ಅಮ್ಮ ಕೂಗಿದರೆ ಕೇಳುವಷ್ಟು ದೂರದ ಜಾಗ. ಲಗೋರಿಗೆ ಎಷ್ಟು ಜಾಗ ಬೇಕು? ಒಂದು ಅಂಗಳ. ಕುಟ್ಟಿದೊಣ್ಣೆಗೆ ಸ್ವಲ್ಪ ಜಾಸ್ತಿ. ಮುಟ್ಟಾಟಕ್ಕೆ ಅದೂ ಬೇಡ. ನಮ್ಮ ಕಾಲದಲ್ಲಿ ಪ್ರತಿ ಮನೆಗೆ ಅಂಗಳ, ಹಿತ್ತಿಲು ಇತ್ತು, ಮನೆ ಮನೆ ನಡುವೆ ನುಸುಳಿ ಹೋಗುವ ದಾರಿ ಇತ್ತು. ಈಗ ಒಂದು ಹಿತ್ತಿಲಲ್ಲಿ 40 ಮನೆಯ ಕಟ್ಟಡ, ಸುತ್ತ ಎತ್ತರದ ಕಾಂಪೌಂಡ್. ಹಿಂದಿನ ಬೀದಿಯ ಗೆಳೆಯನ ಮನೆಗೆ ಗೋಡೆ ಇಲ್ಲದಿದ್ದರೆ ನೂರು ಹೆಜ್ಜೆ, ಗೋಡೆ ಇದ್ದರೆ ಮುಖ್ಯರಸ್ತೆ ಸುತ್ತಿ ಬರಬೇಕು. ಹುಡುಗ ಹೋಗುವುದೇ ಇಲ್ಲ.

ನನಗೆ ಬಹಳ ನೋವಾಗುವುದು ಒಂದು ವಿಷಯ. ಪೇಟೆಯ ಒಳಗೆ ಇರುವ ಒಳ್ಳೆಯ ಅಂಗಳಗಳೆಲ್ಲ ಶಾಲೆಗಳದ್ದು. ಸಂಜೆ ನಾಲ್ಕೂವರೆಗೆ ಗೇಟಿಗೆ ಬೀಗ. ಶನಿವಾರ ಮಧ್ಯಾಹ್ನದ ಮೇಲೆ ಬೀಗ, ಆದಿತ್ಯವಾರ ಬೀಗ, ಏಪ್ರಿಲ್ ಮೇ ಎರಡು ತಿಂಗಳು ಬೀಗ. ಮಕ್ಕಳಿಗೆ ಆಡಲು ಪುರುಸೊತ್ತು ಇರುವ ಹೊತ್ತಿಗೇ ಬೀಗ ಬೀಳುತ್ತದೆ. ನಾನು ಕೆಲಸದಲ್ಲಿದ್ದಾಗ ಬೀಗದ ಕೈ ನನ್ನ ಹತ್ತಿರ ಇತ್ತು. ಆರೂವರೆ ತನಕ ಬಿಟ್ಟಿರುತ್ತಿದ್ದೆ, ಬೇರೆ ಶಾಲೆಯ ಮಕ್ಕಳೂ ಬರುತ್ತಿದ್ದರು. ಹಲ್ಲು ಮುರಿದದ್ದು, ಕೈ ಉಳುಕಿದ್ದು ಇಲ್ಲ ಅಂತಲ್ಲ. ಆಡಳಿತದವರಿಗೆ ಆ ಹೆದರಿಕೆಯೇ ದೊಡ್ಡದು, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಪ್ಯಾರಿಸ್ಸಿನಲ್ಲಿ ಶಾಲೆಗಳ ಅಂಗಳವನ್ನು ಕಾಂಕ್ರೀಟ್ ಕಿತ್ತು ಮರ ನೆಟ್ಟು, ಶನಿವಾರ ಬೀದಿಯವರಿಗೆಲ್ಲ ತೆರೆದಿಡುವ ಕೆಲಸ ಮಾಡಿದ್ದಾರೆ. ನೋಡಿಕೊಳ್ಳಲು ಜನ ಇಟ್ಟರೆ ಆಗುತ್ತದೆ. ನಮ್ಮಲ್ಲಿ ಒಂದು ಶಾಲೆಯ ಹತ್ತು ಜನ ಅಪ್ಪ ಅಮ್ಮ ಸರದಿ ಹಾಕಿಕೊಂಡರೆ ಸಾಕು.

ಮಳೆಗಾಲಕ್ಕೆ ನನ್ನ ಸಲಹೆ ಹೆದರದಿರುವುದು. ಗುಡುಗು ಸಿಡಿಲು ಇಲ್ಲದಿದ್ದರೆ ಮಳೆಯಲ್ಲಿ ಫುಟ್‌ಬಾಲ್ ಆಡಲಿ. ಕರಾವಳಿಯ ಹುಡುಗ ಮಳೆಗೆ ಒದ್ದೆಯಾದರೆ ಎಂತ ಆಗುವುದಿಲ್ಲ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ ಒಣ ಬಟ್ಟೆ ಹಾಕಿದರೆ ಆಯಿತು. ತೋಡು, ಕೆರೆ, ಕಡಲಿನ ಹತ್ತಿರ ಮಾತ್ರ ಬಿಡಬೇಡಿ.


ಅಂಬಲಪಾಡಿ_ಹುಡುಗಿ:

ಮಾಸ್ಟ್ರು ಹೇಳಿದ್ದು ಗಂಡುಮಕ್ಕಳಿಗೆ ಸರಿ. ಹೆಣ್ಣುಮಕ್ಕಳ, ಅಮ್ಮಂದಿರ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೀತಿದ್ದೇನೆ.

ನಮ್ಮ ಮನೆ ಉಡುಪಿಯ ಹೆದ್ದಾರಿಯ ಪಶ್ಚಿಮಕ್ಕೆ. ಅಮ್ಮನಿಗೆ 58, ಸಕ್ಕರೆ ಉಂಟು, ದಿನಾ ಅರ್ಧ ಗಂಟೆ ನಡೆಯಲು ಹೇಳಿದ್ದಾರೆ. ಅಜ್ಜರಕಾಡಿನಲ್ಲಿ ಸ್ಟೇಡಿಯಂ, ಪಕ್ಕದಲ್ಲೇ ಭುಜಂಗ ಪಾರ್ಕ್, ಒಳ್ಳೆಯ ಜಾಗ. ಆದರೆ ಮಧ್ಯೆ 66ನೇ ಹೆದ್ದಾರಿ. ಅಮ್ಮ ಮೊದಲು ದೇವಸ್ಥಾನಕ್ಕೆ, ತರಕಾರಿಗೆ, ಅಕ್ಕನ ಮನೆಗೆ ಎಲ್ಲ ನಡೆದೇ ಹೋಗುತ್ತಿದ್ದರು. ರಸ್ತೆ ಅಗಲ ಆದ ಮೇಲೆ ಆ ಕಡೆಗೆ ದಾಟಲು ಹೆದರಿ ರಿಕ್ಷಾ ಹಿಡಿಯುತ್ತಾರೆ, ಅಥವಾ ಹೋಗುವುದನ್ನೇ ಬಿಟ್ಟಿದ್ದಾರೆ. ರಸ್ತೆ ಅಗಲ ಮಾಡುವಾಗ ಗಾಡಿ ಎಷ್ಟು ಬೇಗ ಹೋಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಅಮ್ಮನ ಹಾಗಿರುವವರು ಎಷ್ಟು ಹೆಜ್ಜೆ ಕಳೆದುಕೊಂಡರು ಅಂತ ಲೆಕ್ಕ ಹಾಕುವವರು ಯಾರೂ ಇಲ್ಲ.

ಮತ್ತೆ ಸಂಜೆ. ಆರೂವರೆಗೆ ಕತ್ತಲು, ಬೀದಿದೀಪ ಒಂದು ಉರಿದರೆ ಎರಡು ಇಲ್ಲ. ನಾನು ಕೆಲಸದಿಂದ ಬರುವುದೇ ಆರಕ್ಕೆ. ಒಬ್ಬಳೇ ನಡೆಯಲು ಹೊರಟರೆ ಬೈಕಿನವರು ನಿಧಾನ ಮಾಡಿ ನೋಡುವುದು, ನಾಯಿಗಳು ಬೇರೆ. ಪಾರ್ಕಿನಲ್ಲಿ ಶೌಚಾಲಯಕ್ಕೆ ಬೀಗ ಇದ್ದರೆ ಅಮ್ಮನಂಥವರು ಬರುವುದಿಲ್ಲ, ಕೂರಲು ಬೆಂಚು ಇಲ್ಲದಿದ್ದರೆ ಮಂಡಿನೋವಿನವರು ಬರುವುದಿಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಭಾರತದ ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸಾಕಷ್ಟು ಓಡಾಟ ಇಲ್ಲ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಈ 15ರ ಅಂತರ ಸೋಮಾರಿತನ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೆಕೆಲಸ ಮುಗಿದು ಸಿಗುವ ಹೊತ್ತು ಯಾವುದು, ಆ ಹೊತ್ತಿಗೆ ರಸ್ತೆ ಹೇಗಿರುತ್ತದೆ, ಅದನ್ನೂ ನೋಡಬೇಕು.


ನಕ್ಷೆ_ನೋಡುವವ:

ನಾನು ಕಟ್ಟಡದ ನಕ್ಷೆ ಮಾಡುವ ಕೆಲಸದಲ್ಲಿ ಇದ್ದೇನೆ, ಮಂಗಳೂರಲ್ಲೇ. ಕಾನೂನು, ಅಳತೆ ಬಗ್ಗೆ ನಾಲ್ಕು ಮಾತು. ಇದು ಗೊತ್ತಿದ್ದರೆ ಕೇಳುವಾಗ ಗಟ್ಟಿಯಾಗಿ ಕೇಳಬಹುದು.

ಕೇಂದ್ರ ಸರ್ಕಾರದ 2014ರ ನಗರ ಯೋಜನೆಯ ಮಾರ್ಗಸೂಚಿಯಲ್ಲಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಅಂತ ಉಂಟು. ಒಂದು ಸಣ್ಣ ಕೋಣೆಯಷ್ಟು. ನಿಮ್ಮ ಕಟ್ಟಡದಲ್ಲಿ 40 ಮನೆ, ಮನೆಗೆ ನಾಲ್ಕು ಜನ ಅಂತ ಇಟ್ಟರೆ 160 ಜನ, ಅವರಿಗೇ 1,600 ಚದರ ಮೀಟರ್, ಅಂದರೆ ಸುಮಾರು 40 ಸೆಂಟ್ಸ್. ನಮ್ಮ ವಾರ್ಡುಗಳಲ್ಲಿ ಅಷ್ಟು ಎಲ್ಲಿ ಉಂಟು, ಹುಡುಕಿ ನೋಡಿ. ಮೊತ್ತದ ಲೆಕ್ಕದಲ್ಲಿ ದೊಡ್ಡ ಪಾರ್ಕ್ ಒಂದನ್ನು ತೋರಿಸಿ ಸಮಾಧಾನ ಮಾಡುತ್ತಾರೆ. ಪಿಲಿಕುಳ ದೊಡ್ಡದು, ಚಂದ ಉಂಟು, ಆದರೆ ಅದು ಬಿಜೈಯ ಹುಡುಗನ ಸಂಜೆಯ ಜಾಗ ಆಗುವುದಿಲ್ಲ. ನನ್ನ ಅನುಭವದಲ್ಲಿ ದೊಡ್ಡ ಒಂದಕ್ಕಿಂತ ಸಣ್ಣ ಹತ್ತು ಮೇಲು. 5 ಸೆಂಟ್ಸ್ ಜಾಗ, ನಾಲ್ಕು ಮರ, ಮಣ್ಣಿನ ನೆಲ, ಅಷ್ಟೇ ಸಾಕು. ಇಂಟರ್‌ಲಾಕ್ ಹಾಸಿ, ಹುಲ್ಲಿನ ಮೇಲೆ ಕಾಲಿಡಬೇಡಿ ಅಂತ ಬೋರ್ಡ್ ಹಾಕಿದ ಪಾರ್ಕ್ ಮಕ್ಕಳಿಗಲ್ಲ.

ಇದ್ದ ಪಾರ್ಕನ್ನು ಉಳಿಸಲು ಕರ್ನಾಟಕದಲ್ಲಿ 1985ರದ್ದೇ ಒಂದು ಕಾಯಿದೆ ಉಂಟು, ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ರಕ್ಷಣೆಗೆ. ಬೆಂಗಳೂರಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬಡಾವಣೆಯ ಜನರೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದು ನಡೆಯುವುದಿಲ್ಲ ಅಂತ ಹೇಳಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕಿನ ಜಾಗ ಪಾರ್ಕಿಗೇ. ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅದರಲ್ಲಿ ಹಸಿರು ಬಣ್ಣ ಬಳಿದ ಜಾಗ ಈಗ ಎಂತ ಆಗಿದೆ ಅಂತ ಹೋಗಿ ನೋಡಿ. ಅಪಾರ್ಟ್‌ಮೆಂಟಿನ ನಕ್ಷೆಯನ್ನೂ ಕೇಳಿ. ಅದರಲ್ಲಿ ಮಕ್ಕಳ ಆಟದ ಜಾಗ ಅಂತ ತೋರಿಸಿದ್ದರೆ ಅಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ.

ಫುಟ್‌ಪಾತ್ ಬಗ್ಗೆ. ರಸ್ತೆಗಳ ಅಳತೆ ಹೇಗಿರಬೇಕು ಅಂತ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ನಿಯಮದಲ್ಲಿ ನಡೆಯಲು ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಇಬ್ಬರು ಎದುರುಬದುರು ಕೊಡೆ ಹಿಡಿದು ಹೋಗುವಷ್ಟು ಅಂತ ನಾನು ವಿವರಿಸುತ್ತೇನೆ, ನಮ್ಮ ಊರಿಗೆ ಅದೇ ಸರಿಯಾದ ಅಳತೆ. ಎತ್ತರ 150 ಮಿಲಿಮೀಟರಿಗಿಂತ ಜಾಸ್ತಿ ಇರಬಾರದು. ನಮ್ಮಲ್ಲಿ ಕೆಲವು ಕಡೆ ಮೊಣಕಾಲೆತ್ತರ, ಪ್ರತಿ ಗೇಟಿಗೆ ಇಳಿದು ಹತ್ತಬೇಕು, ಅಜ್ಜಿಯಂದಿರು ರಸ್ತೆಯಲ್ಲೇ ನಡೆಯುತ್ತಾರೆ. ಕಾಂಕ್ರೀಟ್ ರಸ್ತೆ ಮಾಡುವಾಗ ಮೊದಲು ಗಾಡಿಯ ಅಗಲ ಗುರುತು ಹಾಕಿ, ಉಳಿದದ್ದರಲ್ಲಿ ಚರಂಡಿ, ಅದರ ಮೇಲೆ ಸ್ಲ್ಯಾಬ್, ಅದಕ್ಕೇ ಫುಟ್‌ಪಾತ್ ಅಂತ ಹೆಸರು. ಮೊದಲು ನಡೆಯುವವರ ಅಗಲ ಗುರುತಿಸಿದರೆ ಖರ್ಚು ಅಷ್ಟೇನೂ ಜಾಸ್ತಿ ಆಗುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವುದು ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಅರ್ಜಿ ಬರೆಯುವಾಗ ಅದನ್ನೂ ಸೇರಿಸಿ.

ದುಡ್ಡೇ ಇಲ್ಲದೆ ಮಾಡಬಹುದಾದ್ದು ಒಂದು ಉಂಟು. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಆದಿತ್ಯವಾರ ಬೆಳಿಗ್ಗೆ 7ರಿಂದ 2ರ ತನಕ ಮುಖ್ಯರಸ್ತೆಗಳಲ್ಲಿ ಗಾಡಿ ನಿಲ್ಲಿಸಿ ಜನರಿಗೆ ಬಿಡುತ್ತಾರೆ. ಈಗ ಅದು 120 ಕಿಲೋಮೀಟರಿಗೂ ಜಾಸ್ತಿ. ಗುರುಗ್ರಾಮದಲ್ಲಿ 2013ರಲ್ಲಿ ಇಂಥದ್ದೇ ಶುರು ಮಾಡಿದರು. ನಮಗೆ ಅಷ್ಟು ದೊಡ್ಡದು ಬೇಡ. ಒಂದು ಒಳರಸ್ತೆ, ಎರಡು ಬ್ಯಾರಿಕೇಡ್, ಆದಿತ್ಯವಾರ ಎರಡು ಗಂಟೆ. ಕಾರ್ಪೊರೇಟರ್ ಮತ್ತು ಟ್ರಾಫಿಕ್ ಪೊಲೀಸರಿಗೆ ಬೀದಿಯವರೆಲ್ಲ ಸಹಿ ಹಾಕಿ ಕೊಡಿ. ಕೋಲ, ಜಾತ್ರೆ, ಗಣೇಶೋತ್ಸವದ ಮೆರವಣಿಗೆಗೆ ರಸ್ತೆ ಬಿಟ್ಟುಕೊಡಲು ನಮ್ಮ ಜನಕ್ಕೆ ಗೊತ್ತುಂಟು. ಮಕ್ಕಳಿಗೂ ಬಿಡುತ್ತಾರೆ.


ನೇರಮಾತು:

ಎಲ್ಲ ಓದಿದೆ. ಒಂದು ಒಪ್ಪಿಕೊಳ್ಳಬೇಕು. ನಾವು ಓಣಿಯಲ್ಲಿ ಆಡಿದೆವು ಅಂತ ಬರೆದೆ, ಆದರೆ ನಿನ್ನೆ ಅದೇ ಓಣಿಗೆ ಹೋಗಿದ್ದೆ. ಎರಡೂ ಬದಿ ಬೈಕ್, ಕಾರು. ಚೆಂಡು ಉರುಳಲೂ ಜಾಗ ಇಲ್ಲ. ಆಗ ಆ ಓಣಿಯಲ್ಲಿ ಒಂದು ಸ್ಕೂಟರ್ ಇತ್ತು, ಅದೂ ನಮ್ಮ ಬೀದಿಯ ಡಾಕ್ಟರದ್ದು. ಅಂದರೆ ನಮಗೂ ಜಾಗ ಇತ್ತು, ಅದು ಜಾಗ ಅಂತ ನನಗೆ ಅನಿಸಿರಲಿಲ್ಲ ಅಷ್ಟೇ. ತಿಂಡಿ, ಫೋನಿನ ಮಾತು ನಾನು ಬಿಡುವುದಿಲ್ಲ, ಅದೂ ಬೇಕು. ಆದರೆ ಅಕ್ಕಾ, ತಪ್ಪು ನಿಮ್ಮದು ಅನ್ನುವ ಹಾಗೆ ಬರೆದದ್ದಕ್ಕೆ ಕ್ಷಮಿಸಿ.


ಬಿಜೈ_ಅಮ್ಮ:

ಕ್ಷಮೆ ಎಂತಕ್ಕೆ, ನಿಮ್ಮ ಮಾತಿನಲ್ಲೂ ನಿಜ ಇತ್ತು. ಸಂಜೆಯ ಬಿಸ್ಕತ್ತಿನ ಡಬ್ಬಿ ತೆಗೆದಿಟ್ಟಿದ್ದೇನೆ.

ಮೂರು ವಾರ ಆಯಿತು. ಆದದ್ದು, ಆಗದ್ದು ಎರಡನ್ನೂ ಬರೆಯುತ್ತೇನೆ, ನಿಮ್ಮ ಊರಲ್ಲಿ ಯಾರಿಗಾದರೂ ಪ್ರಯೋಜನ ಆಗಬಹುದು.

ಡಾಕ್ಟರನ್ನು ಕೇಳಿದೆ, ಮೊದಲನೇ ಗೆರೆ ದಾಟಿದ್ದು. ಮನಸ್ಸಿಗೆ ತುಂಬ ಸಮಾಧಾನ ಆಯಿತು. ತೂಕದ ಮಾತು ಮನೆಯಲ್ಲಿ ನಿಲ್ಲಿಸಿದ್ದೇವೆ, ಅಜ್ಜಿಗೂ ಫೋನ್ ಮಾಡಿ ಹೇಳಿದ್ದೇನೆ.

ಶಾಲೆಗೆ ನಡೆಯುವುದು ಶುರು ಮಾಡಿದ್ದೇವೆ. ಒಬ್ಬನನ್ನೇ ಅಲ್ಲ. ನಮ್ಮ ಕಟ್ಟಡದ ಇಬ್ಬರು, ಹಿಂದಿನ ಕಟ್ಟಡದ ಮೂವರು, ಒಟ್ಟು ಆರು ಮಕ್ಕಳು, ದಿನಕ್ಕೆ ಒಬ್ಬರಂತೆ ಅಮ್ಮಂದಿರ ಸರದಿ. ಮೊದಲ ದಿನ 35 ನಿಮಿಷ ಹಿಡಿಯಿತು, ಯಾಕೆಂದರೆ ದಾರಿಯಲ್ಲಿ ಒಂದು ನಾಯಿಮರಿ ಇತ್ತು. ಈಗ 22 ನಿಮಿಷ. ಹೋಗಿ ಬರುವಾಗ ಮುಕ್ಕಾಲು ಗಂಟೆ ಹತ್ತಿರ ಆಗುತ್ತದೆ, 60ರಲ್ಲಿ ಮುಕ್ಕಾಲು ಪಾಲು ಅಲ್ಲೇ ಬಂತು. ನನ್ನ ಬೆನ್ನುನೋವೂ ಕಡಿಮೆ ಆಗಿದೆ, ಅದು ನಾನು ಎಣಿಸಿರಲಿಲ್ಲ. ಮುರಿದ ಸ್ಲ್ಯಾಬುಗಳನ್ನು ಮಕ್ಕಳೇ ಎಣಿಸಿ ಪಟ್ಟಿ ಮಾಡಿದ್ದಾರೆ, 17 ಸಿಕ್ಕಿವೆ. ಫೋಟೋ ಸಮೇತ ಅರ್ಜಿ ಕೊಟ್ಟೆವು. ಎರಡು ಸ್ಲ್ಯಾಬ್ ಹಾಕಿದ್ದಾರೆ, 15 ಬಾಕಿ.

ಅಸೋಸಿಯೇಷನ್ ಮೀಟಿಂಗಿನಲ್ಲಿ ನಾನು ನಕ್ಷೆ ಕೇಳಿದೆ. ಮಹಡಿಯ ಮೇಲಿನ ತಾರಸಿಯ ಅರ್ಧ ಭಾಗ ಮಕ್ಕಳಿಗೆ ಅಂತ ನಕ್ಷೆಯಲ್ಲಿ ತೋರಿಸಿದ್ದಾರೆ, ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಅಲ್ಲಿ ಹಳೆಯ ಟೈಲ್ಸ್, ಟ್ಯಾಂಕಿನ ಪೈಪ್ ರಾಶಿ ಹಾಕಿದ್ದರು. ಅದನ್ನು ಖಾಲಿ ಮಾಡಲು ಒಪ್ಪಿದ್ದಾರೆ. ಸುತ್ತ ಎತ್ತರದ ಬಲೆ ಕಟ್ಟದೆ ಮಕ್ಕಳನ್ನು ಬಿಡುವುದಿಲ್ಲ ಅಂತ ನಾನೇ ಹೇಳಿದ್ದೇನೆ. ಮೇಲೆ ಶೀಟಿನ ಮಾಡು ಉಂಟು, ಹಾಗಾಗಿ ಮಳೆಗಾಲಕ್ಕೂ ಆಗುತ್ತದೆ. ನೋಟಿಸ್ ಮಾತ್ರ ಇನ್ನೂ ಲಿಫ್ಟಿನ ಪಕ್ಕವೇ ಇದೆ.

ಶಾಲೆಯ ಮೈದಾನ ಆಗಲಿಲ್ಲ. ಎರಡು ಸಲ ಹೋದೆ, ಜವಾಬ್ದಾರಿ ಯಾರು ತಗೊಳ್ತಾರೆ ಅಂತ ಕೇಳಿದರು. ಮಾಸ್ಟ್ರೇ, ಸರದಿ ಹಾಕಿಕೊಂಡು ನಾವೇ ನೋಡಿಕೊಳ್ಳುತ್ತೇವೆ ಅಂತ ಬರೆದುಕೊಡಲು ಆರು ಮನೆಯವರು ತಯಾರಿದ್ದೇವೆ. ಆ ಪತ್ರದಲ್ಲಿ ಎಂತೆಲ್ಲ ಇರಬೇಕು, ಪೆಟ್ಟಾದರೆ ಎಂತ ಮಾಡುವುದು, ಬೀಗದ ಕೈ ಯಾರ ಹತ್ತಿರ, ನೀವು ಒಂದು ಸಲ ಬರೆದು ಕೊಡ್ತೀರಾ? ಆಡಳಿತದವರ ಮೀಟಿಂಗ್ ಮುಂದಿನ ಗುರುವಾರ. ಅಷ್ಟರೊಳಗೆ ಸಿಕ್ಕಿದರೆ ಟೈಪ್ ಮಾಡಿಸಿ ತಗೊಂಡು ಹೋಗ್ತೇನೆ.


ನಿವೃತ್ತ_ಪಿಟಿ_ಮಾಸ್ಟ್ರು:

ಇವತ್ತು ರಾತ್ರಿಯೇ ಬರೆದು ಇಲ್ಲಿ ಹಾಕುತ್ತೇನೆ ಅಮ್ಮ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಎಂತೆಲ್ಲ ಇರಬೇಕು ಅಂತಲೂ ಸೇರಿಸುತ್ತೇನೆ. ಗುರುವಾರ ಎಷ್ಟು ಗಂಟೆಗೆ ಅಂತ ಹೇಳಿ, ನಾನು ಕದ್ರಿಯಲ್ಲೇ ಇರುವುದು, ನಿಮ್ಮ ಜೊತೆ ಬರುತ್ತೇನೆ.